‘ಇಲ್ಲ’ ಎಂಬುದೂ ‘ಸಾಲದು’ ಎಂಬುದೂ

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನ ಸಂಘದ ಸಭೆಯಲ್ಲಿ ನಾನು ಮಾತನಾಡಬೇಕೆಂದು ನಮ್ಮ ವಿಜ್ಞಾನ ಶಿಕ್ಷಕರು ಕೇಳಿದಾಗ ನಾನು ಒಪ್ಪಲಿಲ್ಲ. ನಾನು ಕನ್ನಡ ಎಂ.ಎ. ಓದಿದವಳು. ಸಂಧಿ, ಸಮಾಸ, ಷಟ್ಪದಿಗಳ ಆಚೆಗೆ ಅಧಿಕಾರವಾಣಿಯಿಂದ ಹೇಳಬಲ್ಲ ವಿಷಯ ನನ್ನಲ್ಲಿಲ್ಲ. ಆದರೆ ಬರೆದುದನ್ನು ಓದಿ ಅರ್ಥ ಹೇಳುವುದು ಮೂವತ್ತು ವರ್ಷಗಳಿಂದ ನನ್ನ ವೃತ್ತಿ. ಆ ವೃತ್ತಿಯಲ್ಲಿರುವ ನಾನೇ ಒಂದು ಹಾಳೆಯನ್ನು ತಪ್ಪಾಗಿ ಓದಿದೆ. ಅದರ ಕಥೆಯನ್ನು ಹೇಳುವುದಾದರೆ ಬರುತ್ತೇನೆ ಎಂದೆ. ಅವರು ಒಪ್ಪಿದರು.

ನನ್ನ ದೊಡ್ಡಣ್ಣ ಇದೇ ಶಾಲೆಯಲ್ಲಿ ಅಕ್ಷರ ಕಲಿತವರು. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮಳೆಗಾಲ ಮುಗಿದರೆ ಯಕ್ಷಗಾನದ ಆಟ, ಇಷ್ಟೇ ಅವರ ಪ್ರಪಂಚ. ಅರುವತ್ತು ದಾಟಿದ ಮೇಲೆ ಒಂದು ದಿನ ಕಣ್ಣು ಹಳದಿಯಾಯಿತು. ನೋವಿಲ್ಲ, ಜ್ವರವಿಲ್ಲ, ಮೈ ತುರಿಕೆ ಮಾತ್ರ. ನಮ್ಮ ಕಡೆಯಲ್ಲಿ ಕಾಮಾಲೆ ಎಂದರೆ ಹಳ್ಳಿಮದ್ದು ಮತ್ತು ಪಥ್ಯ. ಹದಿನೈದು ದಿನ ಅದು ನಡೆಯಿತು. ತೂಕ ಇಳಿಯತೊಡಗಿದಾಗ ಅತ್ತಿಗೆ ನನಗೆ ಫೋನ್ ಮಾಡಿದರು. ಉಪ್ಪಳಕ್ಕಿಳಿದು, ತಲಪಾಡಿ ದಾಟಿ, ಈ ಊರಿನವರೆಲ್ಲ ದೊಡ್ಡ ಕಾಯಿಲೆಗೆ ಹೋಗುವ ದಿಕ್ಕಿಗೇ ನಾವೂ ಹೋದೆವು.

ಸ್ಕ್ಯಾನಿಂಗಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಒಂದು ಗಡ್ಡೆ ಕಾಣಿಸಿತು. ಅದು ಪಿತ್ತನಾಳವನ್ನು ಒತ್ತಿದುದರಿಂದಲೇ ಕಾಮಾಲೆ. ನಾಳದೊಳಗೆ ಸಣ್ಣ ಕೊಳವೆಯೊಂದನ್ನು ಇಟ್ಟರು. ಗಡ್ಡೆ ಏನೆಂದು ತಿಳಿಯಲು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಒಂದು ವಾರ ಬಿಟ್ಟು ಬನ್ನಿ ಎಂದರು. ವಾರ ತುಂಬುವ ಮೊದಲೇ ವರದಿ ಅಣ್ಣನ ಮಗನ ಮೊಬೈಲಿಗೆ ಬಂತು. ಅವನು ಅದನ್ನು ನನಗೆ ಕಳುಹಿಸಿದ. ಮನೆಯಲ್ಲಿ ಓದಿದವಳೆಂದರೆ ನಾನು ತಾನೇ. ವರದಿಯ ಕೊನೆಯ ಸಾಲಿನಲ್ಲಿ ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ ಎಂಬ ಅರ್ಥದ ವಾಕ್ಯವಿತ್ತು. ಅದನ್ನು ಜೋರಾಗಿ ಓದಿ ಹೇಳಿದೆ. ಅತ್ತಿಗೆ ದೇವರ ಮುಂದೆ ದೀಪ ಹಚ್ಚಿದರು, ಪಾಯಸ ಮಾಡಿದರು. ಕೊಳವೆಯ ದೆಸೆಯಿಂದ ಕಣ್ಣಿನ ಹಳದಿಯೂ ಅಷ್ಟರಲ್ಲಿ ಇಳಿದಿತ್ತು. ಡಾಕ್ಟರರ ಬಳಿಗೆ ಮರಳಿ ಹೋಗುವುದನ್ನು ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡಿದೆವು.

ಅದೇ ವರದಿಯ ಮೊದಲ ಸಾಲಿನಲ್ಲಿ ಇನ್ನೊಂದು ವಾಕ್ಯವಿತ್ತು. ರಕ್ತ ಮತ್ತು ಕರುಳಿನ ಒಳಪೊರೆಯ ಕೆಲವು ಕೋಶಗಳು ಮಾತ್ರ ಇವೆ, ರೋಗನಿರ್ಣಯಕ್ಕೆ ಮಾದರಿ ಸಾಲದು ಎಂದು. ನಾನದನ್ನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಅದು ಒಕ್ಕಣೆಯ ಮಾತೆಂದು ದಾಟಿಹೋಗಿದ್ದೆ.

ಮಕ್ಕಳೇ, ಈ ಗ್ರಂಥಿಯ ಸ್ಥಾನವನ್ನು ನೀವು ಪಾಠದಲ್ಲಿ ಓದಿದ್ದೀರಿ. ಮಲಯಾಳದಲ್ಲಿ ಇದಕ್ಕೆ ಆಗ್ನೇಯ ಗ್ರಂಥಿ ಎನ್ನುತ್ತಾರೆ. ಆಸ್ಪತ್ರೆಯ ಚೀಟಿಗಳಲ್ಲಿ ಆ ಹೆಸರನ್ನು ಕಂಡು ಬೇರೆ ಅಂಗವೆಂದು ತಿಳಿದವರೂ ನಮ್ಮೂರಿನಲ್ಲಿದ್ದಾರೆ. ಸುಮಾರು 15 ಸೆಂಟಿಮೀಟರ್ ಉದ್ದದ, ನೂರು ಗ್ರಾಮಿಗಿಂತ ಹಗುರವಾದ ಅಂಗ. ಆಹಾರ ಜೀರ್ಣವಾಗುವ ರಸವೂ ಇನ್ಸುಲಿನ್ನೂ ಅಲ್ಲಿಂದಲೇ. ಆದರೆ ಅದು ಕುಳಿತಿರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳ ನಡುವೆ. ಹೊಟ್ಟೆಯನ್ನು ಒತ್ತಿ ನೋಡಿದರೆ ಕೈಗೆ ಸಿಗುವುದಿಲ್ಲ. ಆದುದರಿಂದ ವೈದ್ಯರು ಒಳಗಿನಿಂದಲೇ ಹೋಗುತ್ತಾರೆ. ಬಾಯಿಯ ಮೂಲಕ ಇಳಿಯುವ ಎಂಡೋಸ್ಕೋಪಿನ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಯಂತ್ರವಿರುತ್ತದೆ. ಜಠರದ ಅಥವಾ ಸಣ್ಣಕರುಳಿನ ಆರಂಭದ ಭಿತ್ತಿಗೆ ಅದನ್ನು ತಾಗಿಸಿದರೆ ಗೋಡೆಯಾಚೆಯ ಗ್ರಂಥಿ ತೆರೆಯ ಮೇಲೆ ಕಾಣುತ್ತದೆ; ಆ ಗೋಡೆಯನ್ನು ದಾಟಿ ಹೋಗುವ ಸೂಜಿಯೂ ಕಾಣುತ್ತದೆ. ಮೇದೋಜೀರಕದಿಂದ ಈ ರೀತಿ ಮಾದರಿ ತೆಗೆದುದನ್ನು ಡೆನ್ಮಾರ್ಕಿನ ಪೀಟರ್ ವಿಲ್ಮನ್ ಮತ್ತು ಸಂಗಡಿಗರು 1992ರಲ್ಲಿ ಮೊದಲಿಗೆ ಪ್ರಕಟಿಸಿದರು. ಸಾಮಾನ್ಯವಾಗಿ ಬಳಸುವ 22 ಗೇಜಿನ ಸೂಜಿಯ ದಪ್ಪ ಸುಮಾರು 0.7 ಮಿಲಿಮೀಟರ್. ಗೇಜಿನ ಸಂಖ್ಯೆ ಏರಿದಷ್ಟೂ ಸೂಜಿ ತೆಳ್ಳಗಾಗುತ್ತದೆ, ನೇಕಾರರ ನೂಲಿನ ಲೆಕ್ಕದಂತೆ.

ಇಷ್ಟು ಸಣ್ಣ ಸೂಜಿಯಲ್ಲಿ ಬಂದ ಚೂರನ್ನು ನೋಡಿ ಇಡೀ ಗಡ್ಡೆಯ ಕುರಿತು ತೀರ್ಪು ಹೇಳಬೇಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂದು ನಾವು ಹೇಳುತ್ತೇವೆ. ಪಾತ್ರೆಯಲ್ಲಿರುವ ಕುಚ್ಚಿಲಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಬೆಂಕಿಯಲ್ಲಿ ಬೇಯುವುದರಿಂದ ಆ ಮಾತು ನಿಜ. ಗಡ್ಡೆ ಹಾಗಲ್ಲ. ಮೇದೋಜೀರಕದ ಕ್ಯಾನ್ಸರ್ ಹೆಚ್ಚಾಗಿ ತನ್ನ ಸುತ್ತ ಗಟ್ಟಿಯಾದ ನಾರಿನ ಅಂಗಾಂಶವನ್ನು ಬೆಳೆಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಗಳು ಆ ನಾರಿನ ನಡುವೆ ಅಲ್ಲೊಂದು ಇಲ್ಲೊಂದು ಗುಂಪಾಗಿರುತ್ತವೆ. ದೊಡ್ಡ ಗಡ್ಡೆಯ ನಡುಭಾಗ ಸತ್ತುಹೋಗಿಯೂ ಇರಬಹುದು. ಸೂಜಿ ಆ ಸತ್ತ ಭಾಗಕ್ಕೆ ಹೋದರೆ, ಬರೀ ನಾರಿಗೆ ಹೋದರೆ, ಸಣ್ಣ ರಕ್ತನಾಳಕ್ಕೆ ತಾಗಿದರೆ, ಬರುವ ಚೂರು ಗಡ್ಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದನ್ನು ಕೇಳಿದಾಗ ನನಗೆ ಅನ್ನದ ಅಗುಳಿಗಿಂತ ನಮ್ಮ ಸುರಂಗಗಳು ನೆನಪಾದವು. ಬಾಯಾರು, ಪೈವಳಿಕೆಗಳ ಗುಡ್ಡಗಳಲ್ಲಿ ಸುರಂಗವಿಲ್ಲದ ಹಳೆಯ ತೋಟ ಅಪರೂಪ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಆಳೊಬ್ಬ ನಿಂತು ಅಗೆಯುವಷ್ಟೇ ಜಾಗ ಮಾಡಿಕೊಂಡು ಹೋಗುತ್ತಾರೆ. ಅಗೆಯುವವರು ಹೊರಬಂದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದರ ತೇವ ನೋಡುತ್ತಾರೆ. ಮುಂದುವರಿಯಬೇಕೇ, ದಿಕ್ಕು ತಿರುಗಿಸಬೇಕೇ ಎಂಬುದನ್ನು ಅಲ್ಲಿಯೇ, ಆ ಮಣ್ಣು ಒಣಗುವ ಮೊದಲೇ ತೀರ್ಮಾನಿಸುತ್ತಾರೆ. ನಮ್ಮ ನೆರೆಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಮೊದಲು ಕೊರೆದ ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಗುಡ್ಡದಲ್ಲಿ ನೀರೇ ಇಲ್ಲವೆಂದು ಅವರು ಬರೆದಿಟ್ಟು ಮನೆಗೆ ಹೋಗಲಿಲ್ಲ.

ವೈದ್ಯರೂ ಸೂಜಿಯನ್ನು ಒಂದೇ ದಾರಿಯಲ್ಲಿ ಚುಚ್ಚಿ ತೆಗೆಯುವುದಿಲ್ಲ. ಒಳಗಿರುವಾಗಲೇ ಬೀಸಣಿಗೆ ಬಿಚ್ಚಿದಂತೆ ಅದರ ದಿಕ್ಕನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಗಡ್ಡೆಯ ಬೇರೆ ಬೇರೆ ಭಾಗಗಳಿಂದ ಕೋಶಗಳನ್ನು ಸಂಗ್ರಹಿಸುತ್ತಾರೆ. ಸೂಜಿಯೊಳಗಿನ ಸಣ್ಣ ತಂತಿಯನ್ನು ನಿಧಾನವಾಗಿ ಹಿಂದಕ್ಕೆಳೆದರೆ ಅದರ ಮೆಲ್ಲನೆಯ ಸೆಳೆತಕ್ಕೆ ಅಂಗಾಂಶ ಒಳಬರುತ್ತದೆ. ಸಿರಿಂಜಿನಿಂದ ಜೋರಾಗಿ ಎಳೆದರೆ ರಕ್ತವೂ ಹೆಚ್ಚು ಬರಬಹುದು. ಹೋಗುವ ದಾರಿಯಲ್ಲಿ ಜಠರ ಅಥವಾ ಕರುಳಿನ ಗೋಡೆಯ ಕೋಶಗಳೂ ಸೂಜಿಗೆ ಅಂಟುತ್ತವೆ. ಅಣ್ಣನ ಮೊದಲ ವರದಿಯಲ್ಲಿದ್ದದ್ದು ಅವೇ. ಬಾವಿ ತೋಡುವಾಗ ಮೇಲುಮಣ್ಣನ್ನು ಮಾತ್ರ ಕಂಡಂತೆ.

ಹಾಗಾದರೆ ಬಂದ ಚೂರು ಸಾಕೇ ಸಾಲದೇ ಎಂಬುದನ್ನು, ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ತಿಳಿಯುವುದು ಹೇಗೆ? ಇದಕ್ಕೆ ಎರಡು ಮಾರ್ಗಗಳಿವೆ. ಹಳೆಯದು, ಕೋಶಪರೀಕ್ಷೆಯ ತಜ್ಞರನ್ನೇ ಸೂಕ್ಷ್ಮದರ್ಶಕದೊಡನೆ ಆ ಕೋಣೆಗೆ ಕರೆಸಿಕೊಳ್ಳುವುದು. ಸೂಜಿಯಿಂದ ಬಂದುದನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬೇಗನೆ ಹಿಡಿಯುವ ಬಣ್ಣ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಅವರು ಸಾಕು ಅಥವಾ ಇನ್ನೊಂದು ಬೇಕು ಎಂದು ಹೇಳುತ್ತಾರೆ. ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ 2005ರ ಜೂನ್‌ನಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಪದವೀಧರರ ಮುಂದೆ ಮಾಡಿದ ಭಾಷಣವನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಕೇಳಿರಬಹುದು. ಗಂಟಲಿನಿಂದ ಎಂಡೋಸ್ಕೋಪ್ ಇಳಿಸಿ ಮೇದೋಜೀರಕದಿಂದ ಕೋಶ ತೆಗೆದ ಸಂದರ್ಭವನ್ನು ಅವರು ಅಲ್ಲಿ ವಿವರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು, ಇದು ಶಸ್ತ್ರಚಿಕಿತ್ಸೆಗೆ ಬಗ್ಗುವ ಅಪರೂಪದ ಜಾತಿಯೆಂದು ತಿಳಿದು ಕಣ್ಣೀರಿಟ್ಟರೆಂದು ಅವರ ಪತ್ನಿ ಹೇಳಿದರಂತೆ. ಆ ಭಾಷಣವನ್ನು ಎಲ್ಲರೂ ಸಾಧನೆಯ ಕಥೆಯಾಗಿ ಕೇಳುತ್ತಾರೆ. ನಾನು ಈಗ ಕೇಳುವಾಗ ಕೋಣೆಯಲ್ಲಿ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಕುಳಿತಿದ್ದ ಆ ವೈದ್ಯರ ಬಗ್ಗೆಯೇ ಯೋಚಿಸುತ್ತೇನೆ.

ಅಂಥ ತಜ್ಞರನ್ನು ಪ್ರತಿ ಬಾರಿಯೂ ಕೋಣೆಯಲ್ಲಿ ಕೂರಿಸಲು ಎಲ್ಲ ಆಸ್ಪತ್ರೆಗಳಿಗೆ ಸಾಧ್ಯವಿಲ್ಲ. ಎರಡನೆಯ ಮಾರ್ಗ ಹುಟ್ಟಿದುದು ಸೂಜಿಯೇ ಸುಧಾರಿಸಿದ ಮೇಲೆ. ಈಗಿನ ಕೆಲವು ಸೂಜಿಗಳ ತುದಿ ಕಿರೀಟದಂತೆ ಮೂರು ಹಲ್ಲುಗಳಾಗಿರುತ್ತದೆ. ಅವು ಬಿಡಿ ಕೋಶಗಳನ್ನಲ್ಲ, ನೂಲಿನಂಥ ಅಂಗಾಂಶದ ಎಳೆಯನ್ನೇ ಕತ್ತರಿಸಿ ತರುತ್ತವೆ. ಎಳೆ ಬಂದರೆ ಬರಿಗಣ್ಣಿಗೆ ಕಾಣುತ್ತದೆ. ಜಪಾನಿನ ಇವಾಶಿತ ಮತ್ತು ಸಂಗಡಿಗರು 2015ರಲ್ಲಿ ಇದಕ್ಕೊಂದು ಅಳತೆಯನ್ನು ಸೂಚಿಸಿದರು. ಸ್ವಲ್ಪ ದಪ್ಪನೆಯ 19 ಗೇಜಿನ ಸೂಜಿಯಿಂದ ಬಂದ ಬಿಳಿಯ ಎಳೆ 4 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಇದ್ದರೆ ಇನ್ನೊಮ್ಮೆ ಚುಚ್ಚಬೇಕು. ಹೊಸ ಸೂಜಿಯ ಕಾಲದಲ್ಲಿ ತಜ್ಞರು ಕೋಣೆಯಲ್ಲಿರಲೇಬೇಕೇ ಎಂಬ ಪ್ರಶ್ನೆಯನ್ನು 800 ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತಜ್ಞರಿದ್ದ ಗುಂಪಿನಲ್ಲೂ ಇಲ್ಲದ ಗುಂಪಿನಲ್ಲೂ ನಿರ್ಣಯದ ನಿಖರತೆ ನೂರಕ್ಕೆ 96ಕ್ಕಿಂತ ಮೇಲೆಯೇ ಇತ್ತು. ಹೊಸ ಸೂಜಿ, ಪಳಗಿದ ಕೈ ಎರಡೂ ಇದ್ದಲ್ಲಿ ಸಿಕ್ಕಿದ ಫಲವಿದು. ಹಳೆಯ ಸೂಜಿ ಬಳಸುವಲ್ಲಿ, ಕೆಲಸ ಕಲಿಯುತ್ತಿರುವ ಕೈಗಳಲ್ಲಿ, ಆ ತಜ್ಞರ ಬೆಲೆ ಕಡಿಮೆಯಾಗಿಲ್ಲವೆಂದು ನನ್ನ ಎಣಿಕೆ.

ಬರಿಗಣ್ಣಿನ ಪರೀಕ್ಷೆ ಎಂದರೆ ಸುಲಭವೆಂದು ತಿಳಿಯಬಾರದು. ಹೆಪ್ಪುಗಟ್ಟಿದ ರಕ್ತವೂ ಎಳೆಯಾಗಿಯೇ ಸೂಜಿಯಿಂದ ಇಳಿಯುತ್ತದೆ, ಎರೆಹುಳದ ಹಾಗೆ. ಅದನ್ನು ಉಪ್ಪುನೀರಿನಲ್ಲಿ ಅಲುಗಿಸಿ ಬೆಳಕಿಗೆ ಹಿಡಿದರೆ ಕೆಂಪಿನ ನಡುವೆ ಬಿಳಿಯದೋ ತಿಳಿಹಳದಿಯದೋ ಎಳೆ ಇದೆಯೇ ಇಲ್ಲವೇ ಗೊತ್ತಾಗುತ್ತದೆ. ಆ ಮೇಲೂ ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿಯ ಎಳೆ ಬರೀ ನಾರಾಗಿರಬಹುದು, ಕರುಳಿನ ಗೋಡೆಯ ಚೂರೂ ಆಗಿರಬಹುದು. ಪರೀಕ್ಷಿಸಬಹುದಾದ ವಸ್ತು ಸಿಕ್ಕಿದೆಯೇ ಎಂಬುದಷ್ಟೇ ಕಣ್ಣಿಗೆ ತಿಳಿಯುವ ವಿಷಯ. ಅದು ಏನೆಂದು ಹೇಳುವುದು ಪ್ರಯೋಗಾಲಯದ ಕೆಲಸ. ಸಂಶಯವೆಂದು ಎಷ್ಟು ಬಾರಿಯಾದರೂ ಚುಚ್ಚುತ್ತ ಹೋಗುವಂತೆಯೂ ಇಲ್ಲ. ಅಪರೂಪವಾದರೂ ರಕ್ತಸ್ರಾವವಾಗಬಹುದು, ಗ್ರಂಥಿ ಉರಿಯೂತಗೊಳ್ಳಬಹುದು. ಸಾಕಾದಾಗ ನಿಲ್ಲಿಸುವುದೂ ಅದೇ ವಿವೇಕದ ಭಾಗ.

ನಮ್ಮ ಕೇರಳದಲ್ಲಿ ಈ ವಿವೇಕಕ್ಕೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಎಳೆಯ ವಯಸ್ಸಿನಲ್ಲೇ ಮೇದೋಜೀರಕದಲ್ಲಿ ಕಲ್ಲುಗಳಾಗಿ, ಮಧುಮೇಹವೂ ಬರುವ ಕಾಯಿಲೆಯೊಂದು ಇಲ್ಲಿ ಹೆಚ್ಚಾಗಿ ಕಂಡುಬಂದಿತ್ತು. ಡಾ. ಗೀವರ್ಗೀಸರು ಇಂಥ ರೋಗಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿ 1968ರಲ್ಲಿ ಗ್ರಂಥವನ್ನೇ ಬರೆದರು. ಮರಗೆಣಸು ತಿನ್ನುವುದರಿಂದ ಬರುತ್ತದೆಂಬ ಶಂಕೆ ಬಹುಕಾಲವಿತ್ತು. ಅದು ಸ್ಥಿರಪಡಲಿಲ್ಲ, ವಂಶವಾಹಿಗಳ ಪಾತ್ರ ಮುಂದೆ ಸ್ಪಷ್ಟವಾಯಿತು. ಅಂಥವರ ಗ್ರಂಥಿ ಮೊದಲೇ ಗಟ್ಟಿಯಾಗಿರುತ್ತದೆ. ಅದರಲ್ಲಿ ಕಂಡ ಗಡ್ಡೆ ಹಳೆಯ ಉರಿಯೂತದ್ದೋ ಹೊಸ ಕ್ಯಾನ್ಸರಿನದ್ದೋ ಎಂದು ಚಿತ್ರದಲ್ಲಿ ಬಿಡಿಸುವುದು ಕಷ್ಟ. ಮಾದರಿ ತೆಗೆಯುವುದು ಇನ್ನೂ ಕಷ್ಟ. ಕ್ಷಯರೋಗವೂ ಕ್ವಚಿತ್ತಾಗಿ ಅಲ್ಲಿ ಗಡ್ಡೆಯ ವೇಷ ಹಾಕುತ್ತದೆ. ಸ್ಟೀರಾಯ್ಡ್ ಮಾತ್ರೆಗೆ ಕರಗುವ ಒಂದು ಬಗೆಯ ಉರಿಯೂತವೂ ಇದೆ. ಕ್ಯಾನ್ಸರ್ ಅಲ್ಲ ಎಂಬ ಆಸೆಗೆ ಆಧಾರವೇ ಇಲ್ಲವೆಂದಲ್ಲ. ಆ ಆಧಾರ ಸಾಕಷ್ಟು ಮಾದರಿಯಿಂದ ಬರಬೇಕು, ಅಷ್ಟೆ.

ಅಣ್ಣನಿಗೆ ಬೆನ್ನುನೋವು ಶುರುವಾದಾಗ ಆರು ವಾರ ಕಳೆದಿತ್ತು. ಈ ಸಲ ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರರು ಹಳೆಯ ವರದಿಯ ಮೊದಲ ಸಾಲಿಗೆ ಬೆರಳಿಟ್ಟು, ಇದನ್ನು ಯಾರು ಓದಿದ್ದು ಎಂದು ಕೇಳಿದರು. ನಾನೇ ಎಂದೆ. ನನ್ನ ಉದ್ಯೋಗ ಕೇಳಿದರು. ಹೇಳಿದ ಮೇಲೆ ಅವರು ಗದರಲಿಲ್ಲ. “ಟೀಚರೇ, ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆ ನೋಡಲು ಕುಳಿತಾಗ ಹಾಳೆ ಕಳೆದುಹೋಗಿದ್ದರೆ ಸೊನ್ನೆ ಕೊಡುತ್ತೀರಾ?” ಎಂದರು. ಇಲ್ಲ. ಮೌಲ್ಯಮಾಪನ ಶಿಬಿರದಲ್ಲಿ ನಾವು ಮೊದಲು ಹಾಳೆಗಳನ್ನು ಎಣಿಸುತ್ತೇವೆ. ಹಾಳೆಯಿಲ್ಲದಿದ್ದರೆ ಮೇಲಧಿಕಾರಿಗೆ ತಿಳಿಸುತ್ತೇವೆ. ಬರೆದದ್ದು ತಪ್ಪಾದರೆ ಮಾತ್ರ ಸೊನ್ನೆ.

ಅವರು ಹೇಳಿದ ಮೇಲೆಯೇ ನನಗೆ ತಿಳಿದುದು, ವರದಿ ಬರೆಯುವವರಿಗೂ ಈ ಎರಡು ಬೇರೆ ಬೇರೆ ಮನೆಗಳೆಂದು. ಮೇದೋಜೀರಕದ ಕೋಶಪರೀಕ್ಷೆಯ ಫಲಗಳನ್ನು 2014ರಲ್ಲಿ ಆರು ವರ್ಗಗಳಾಗಿ ವಿಂಗಡಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ 2022ರಲ್ಲಿ ಬಂದ ಕ್ರಮದಲ್ಲಿ ಏಳು ವರ್ಗಗಳಿವೆ. ಎರಡರಲ್ಲೂ ಮೊದಲನೆಯ ವರ್ಗ ಮಾದರಿ ಸಾಲದು ಎಂಬುದು. ಕ್ಯಾನ್ಸರ್ ಇಲ್ಲ ಎಂಬುದು ಎರಡನೆಯದು. ನಾನು ಒಂದನೆಯ ಮನೆಯ ಕಾಗದವನ್ನು ಎರಡನೆಯ ಮನೆಗೆ ಹಂಚಿ ಬಂದಿದ್ದೆ. ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಸಾಲದು’ ಬೇರೆ, ‘ಕಾಣಲಿಲ್ಲ’ ಬೇರೆ. ಮೂರು ಕ್ರಿಯಾರೂಪಗಳನ್ನೂ ಎಂಟನೆಯ ತರಗತಿಗೆ ಪಾಠ ಮಾಡಿದವಳು ನಾನು. ವರದಿ ಇಂಗ್ಲಿಷಿನಲ್ಲಿತ್ತು ಎಂದು ನೆವ ಹೇಳಬಹುದಿತ್ತು. ಕನ್ನಡದಲ್ಲಿದ್ದರೂ ಅಂದು ನಾನು ಹಾಗೆಯೇ ಓದುತ್ತಿದ್ದೆನೆಂದು ತೋರುತ್ತದೆ. ಅಣ್ಣನ ಮುಖ ನನ್ನೆದುರಿಗಿತ್ತು.

ಎರಡನೆಯ ಬಯಾಪ್ಸಿಯ ದಿನ ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಮುಗಿದ ಮೇಲೆ ಡಾಕ್ಟರರು ಹೊರಗೆ ಬಂದು ಪುಟ್ಟ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮೊದಲ ಸಲ ಬಂದುದು ಬರೀ ರಕ್ತವಂತೆ. ಸೂಜಿಯ ಕೋನ ಬದಲಿಸಿದರು. ಎರಡನೆಯ ಸಲ ಸಣ್ಣ ತುಣುಕು. ಮೂರನೆಯ ಸಲ ಬಂದುದು ಫಾರ್ಮಲಿನ್ ದ್ರಾವಣದ ತಳದಲ್ಲಿ ಮಲಗಿತ್ತು. ಹೊಲಿಗೆಯ ಬಿಳಿ ನೂಲಿನ ಒಂದು ತುಂಡು, ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ. ಅದನ್ನು ನೋಡಿ ನನಗೆ ಸಂತೋಷವಾಯಿತು ಎಂದರೆ ನಿಮಗೆ ವಿಚಿತ್ರವೆನಿಸೀತು. ಅದರೊಳಗೆ ಏನಿದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಈ ಸಲ ಬರುವುದು ಉತ್ತರವೇ ಎಂದು ತಿಳಿದಿತ್ತು.

ಉತ್ತರ ಕ್ಯಾನ್ಸರ್ ಎಂದೇ ಬಂತು. ಅಣ್ಣ ಅದನ್ನು ನನ್ನ ಬಾಯಿಂದಲೇ ಕೇಳಬೇಕೆಂದರು. ಕೇಳಿದ ಮೇಲೆ, “ಈ ಸಲ ಪೂರ್ತಿ ಓದಿದೆಯಾ, ಟೀಚರಮ್ಮ?” ಎಂದು ನಕ್ಕರು. ಚಿಕಿತ್ಸೆ ನಡೆಯಿತು. ಒಂದು ಮಳೆಗಾಲ, ಒಂದು ಕೊಯ್ಲು, ಮನೆಯಂಗಳದಲ್ಲಿ ಒಂದು ಆಟ, ಮೊಮ್ಮಗಳ ಶಾಲಾಪ್ರವೇಶ, ಇಷ್ಟನ್ನು ಅವರು ಕಂಡರು. ಮೊಮ್ಮಗಳನ್ನು ಈ ಶಾಲೆಯ ಒಂದನೆಯ ತರಗತಿಗೆ ಕೈಹಿಡಿದು ಕರೆತಂದವರು ಅವರೇ. ಮರುವರ್ಷದ ಪ್ರವೇಶೋತ್ಸವಕ್ಕೆ ಅವರಿರಲಿಲ್ಲ.

ಆ ಆರು ವಾರಗಳಿಂದ ವ್ಯತ್ಯಾಸವಾಯಿತೇ ಎಂದು ನಾನು ಡಾಕ್ಟರರನ್ನು ಕೇಳಿದ್ದೇನೆ. ಖಚಿತವಾಗಿ ಹೇಳಲಾಗದು ಎಂದರು. ಸಮಾಧಾನಕ್ಕಾಗಿ ಏನನ್ನೂ ಸೇರಿಸಲಿಲ್ಲ. ಅದಕ್ಕಾಗಿ ನಾನು ಅವರಿಗೆ ಕೃತಜ್ಞಳು.

ಈ ಸಂಗತಿ ಊರಿನಲ್ಲಿ ತಿಳಿದ ಮೇಲೆ ಹೆತ್ತವರಲ್ಲಿ ಕೆಲವರು ಆಸ್ಪತ್ರೆಯ ವರದಿಗಳನ್ನು ಹಿಡಿದು ನನ್ನ ಕೊಠಡಿಗೆ ಬರುತ್ತಾರೆ. ನಾನು ವೈದ್ಯಳಲ್ಲ ಎಂದು ಹೇಳಿಯೇ ಓದುತ್ತೇನೆ. ಮಾದರಿ ಸಾಕಾಗಿತ್ತೇ ಎಂಬ ಸಾಲನ್ನು ಹುಡುಕಿ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಇದನ್ನು ಡಾಕ್ಟರರಲ್ಲಿ ಕೇಳಿ ಎಂದು ಕನ್ನಡದಲ್ಲಿ ಚೀಟಿ ಬರೆದುಕೊಡುತ್ತೇನೆ. ಕಳೆದ ವರ್ಷ ಒಬ್ಬ ತಾಯಿ ಆ ಚೀಟಿಯೊಡನೆ ಹೋಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡರು. ಅವರದು ಕ್ಷಯವೆಂದು ತಿಳಿಯಿತು. ಮಾತ್ರೆ ಮುಗಿಸಿ ಈಗ ಸೌಖ್ಯವಾಗಿದ್ದಾರೆ. ಇಂದು ಈ ಸಭೆಯಲ್ಲಿ ಎಲ್ಲೋ ಕುಳಿತಿದ್ದಾರೆ.

ಇನ್ನು ವಿಜ್ಞಾನ ಕೊಠಡಿಯ ವಿಷಯ. ಎಂಟನೆಯ ತರಗತಿಯ ಮಕ್ಕಳು ಇವತ್ತು ಈರುಳ್ಳಿಯ ಪೊರೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನಿಮಗೆ ತೋರಿಸಲಿದ್ದಾರೆ. ಹೋದ ವರ್ಷದವರೆಗೆ ಪೊರೆ ದಪ್ಪವಾಗಿ ಏನೂ ಕಾಣದೆ ಹೋದರೂ ಪುಸ್ತಕದ ಚಿತ್ರವನ್ನು ನೋಡಿ ಕೋಶಗಳನ್ನು ಅಂದವಾಗಿ ಬಿಡಿಸಿ ಒಪ್ಪಿಸುತ್ತಿದ್ದರು, ನಾವೂ ಸಹಿ ಹಾಕುತ್ತಿದ್ದೆವು. ಈ ವರ್ಷ ಕಾಣದಿದ್ದರೆ ಕಾಣಲಿಲ್ಲ, ಪೊರೆ ದಪ್ಪವಾಗಿತ್ತು ಎಂದು ಬರೆಯಲು ಹೇಳಿದ್ದೇವೆ. ಹಾಗೆ ಬರೆದವರಿಗೂ ಅಂಕ ಕೊಟ್ಟಿದ್ದೇವೆ. ಕೊಠಡಿ ವರಾಂಡದ ಕೊನೆಯಲ್ಲಿದೆ. ಮೂರು ಸೂಕ್ಷ್ಮದರ್ಶಕಗಳಲ್ಲಿ ಎರಡು ಸರಿಯಾಗಿವೆ. ಮೂರನೆಯದಕ್ಕೆ ಹಳೆ ವಿದ್ಯಾರ್ಥಿಗಳು ಮನಸ್ಸು ಮಾಡಬೇಕು. ನೋಡುವಾಗ ಒಂದು ಕಣ್ಣು ಮುಚ್ಚಬೇಕಾಗಿಲ್ಲ. ದಯವಿಟ್ಟು ಸಾಲಾಗಿ ಬನ್ನಿ.